ಯಾರ ಪೈಕಿ?

ಮರಿಯಮ್ಮನಹಳ್ಳಿಯ ಹುಡುಗನೊಬ್ಬ ಇವತ್ತಿನಿಂದ ಕೆಟ್ಟು ಹೋಗಬೇಕು ಎಂದು ತೀರ್ಮಾನ ಮಾಡಿದರೆ ಮೊದಲು ಎದುರಾಗುವ ತಾಪತ್ರಯ ಜಾಗದ್ದು. ಎಲ್ಲಿ ಕೆಡಬೇಕು? ಬಸ್ ಸ್ಟ್ಯಾಂಡಿನ ಹಿಂದೆ ನಿಂತು ಸಿಗರೇಟು ಹಚ್ಚೋಣವೆಂದರೆ, ಹಗರಿಬೊಮ್ಮನಹಳ್ಳಿ ಬಸ್ಸಿಗೆ ಕಾಯುತ್ತ ಸೋದರತ್ತೆ ಅಲ್ಲೇ ಚೀಲ ಇಟ್ಟುಕೊಂಡು ಕೂತಿರುತ್ತಾಳೆ. ಹೈವೇ ದಾಟಿ ಡಾಬಾಕ್ಕೆ ಹೋಗೋಣವೆಂದರೆ ಗಲ್ಲಾದ ಮೇಲಿರುವವನು ಅಪ್ಪನ ಕ್ಲಾಸ್‌ಮೇಟು. ಸರಿ, ಹೊಸಪೇಟೆಗೇ ಹೋಗಿ ನಿರಾಳವಾಗಿ ಕೆಡೋಣ ಎಂದು ಬಸ್ಸು ಹತ್ತಿದರೆ, ಪಕ್ಕದ ಸೀಟಿನ ಹಿರಿಯರು ಕನ್ನಡಕ ಸರಿಮಾಡಿಕೊಂಡು ಇವನ ಮುಖವನ್ನೊಮ್ಮೆ ಓದಿ ಕೇಳುತ್ತಾರೆ: "ಯಾರ ಪೈಕಿ ತಮ್ಮಾ ನೀನು?"

ಮುಗಿಯಿತು. ಸುಳ್ಳು ಹೇಳುವ ಹಾಗಿಲ್ಲ, ಮುಖದ ಮೇಲೆ ಅಜ್ಜನ ಮೂಗು ಕೂತಿದೆ. ನಿಜ ಹೇಳಿದರೆ, "ಹಂಗಾದ್ರ ನಿಮ್ಮಜ್ಜ ನಮ್ಮ ಅತ್ತಿ ಮದಿವ್ಯಾಗ ಬೀಗರ ಪಂಕ್ತಿಗೆ ತುಪ್ಪ ಬಡಿಸಿದಾಂವ ನೋಡು" ಎಂದು ಶುರುವಾಗುತ್ತದೆ. ಹೊಸಪೇಟೆ ಬರುವಷ್ಟರಲ್ಲಿ ಅಜ್ಜನ ತುಪ್ಪ, ಅಪ್ಪನ ಎಸ್ಸೆಸ್ಸೆಲ್ಸಿ ಮಾರ್ಕ್ಸು, ಚಿಕ್ಕಪ್ಪನ ಕೋರ್ಟು ಕೇಸು ಎಲ್ಲ ಆಗಿ, ಹುಡುಗ ಇಳಿಯುವಾಗ ಒಬ್ಬನೇ ಇಳಿಯುವುದಿಲ್ಲ, ಮೂರು ತಲೆಮಾರು ಜೊತೆಗೆ ಇಳಿಯುತ್ತದೆ. ಅಷ್ಟು ಜನರನ್ನು ಕರೆದುಕೊಂಡು ಯಾವ ಬಾರಿಗೆ ಹೋಗುವುದು? ಪಾಪ, ಒಂದು ಕಬ್ಬಿನ ಹಾಲು ಕುಡಿದು ವಾಪಸ್ ಬಸ್ಸು ಹಿಡಿಯುತ್ತಾನೆ.

ಊರಿಗೆ ಪೊಲೀಸ್ ಠಾಣೆಯೂ ಇದೆ. ನನಗೆ ಅದರ ಮೇಲೆ ಗೌರವವೂ ಇದೆ. ಆದರೆ ಠಾಣೆಯವರು ವರ್ಗವಾಗಿ ಹೋಗುತ್ತಾರೆ. ಸೋದರತ್ತೆಗೆ ವರ್ಗಾವಣೆ ಇಲ್ಲ.

ಈ ಸೋದರತ್ತೆಯ ಮೇಲೆ ಅಮೆರಿಕದಲ್ಲಿ ಒಂದು ಪುಸ್ತಕವೇ ಬಂದಿದೆ ಎಂದರೆ ನೀವು ನಂಬುವುದಿಲ್ಲ. 1969ರಲ್ಲಿ ಟ್ರಾವಿಸ್ ಹರ್ಶಿ ಎಂಬ ಸಮಾಜಶಾಸ್ತ್ರಜ್ಞ ಬರೆದದ್ದು, ಹೆಸರು 'ಕಾಸಸ್ ಆಫ್ ಡೆಲಿಂಕ್ವೆನ್ಸಿ'. ಸೋದರತ್ತೆಯ ಹೆಸರು ಅದರಲ್ಲೆಲ್ಲೂ ಇಲ್ಲ, ಅದು ಆ ಪುಸ್ತಕದ ಕೊರತೆ. ಅಲ್ಲಿಯತನಕ ಬಹುಪಾಲು ಪಂಡಿತರು ಮನುಷ್ಯ ತಪ್ಪು ಯಾಕೆ ಮಾಡುತ್ತಾನೆ ಎಂದು ತಲೆ ಕೆಡಿಸಿಕೊಂಡಿದ್ದರೆ, ಹರ್ಶಿ ಪ್ರಶ್ನೆಯನ್ನೇ ತಿರುಗಿಸಿ ಹಾಕಿದ. ತಪ್ಪು ಮಾಡುವುದು ಸಲೀಸು, ಅದರಲ್ಲಿ ಮಜಾ ಇದೆ, ಒಮ್ಮೊಮ್ಮೆ ಲಾಭವೂ ಇದೆ. ಇಷ್ಟೆಲ್ಲ ಅನುಕೂಲ ಇದ್ದೂ ಬಹಳಷ್ಟು ಜನ ಯಾಕೆ ಮಾಡುವುದಿಲ್ಲ? ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ರಿಚ್ಮಂಡ್ ಸುತ್ತಮುತ್ತಲ ಸುಮಾರು 4000 ಶಾಲಾ ಮಕ್ಕಳಿಂದ ಪ್ರಶ್ನಾವಳಿ ತುಂಬಿಸಿಕೊಂಡು ಅವನು ಕಂಡುಕೊಂಡ ಉತ್ತರ ನಂಟು. ಅಪ್ಪ ಅಮ್ಮನ ಮೇಲೆ, ಮೇಷ್ಟರ ಮೇಲೆ ಅಕ್ಕರೆ. ಕಷ್ಟಪಟ್ಟು ಕೂಡಿಸಿಕೊಂಡದ್ದು ಕೈಬಿಟ್ಟೀತು ಎಂಬ ಲೆಕ್ಕಾಚಾರ. ಬಿಡುವಿಲ್ಲದಷ್ಟು ಕೆಲಸ. ಊರಿನ ಕಟ್ಟಳೆ ನ್ಯಾಯವಾದದ್ದೇ ಎಂಬ ನಂಬಿಕೆ. ಈ ಎಳೆಗಳು ಬಿಗಿಯಾಗಿದ್ದವನು ದಾರಿ ಬಿಡುವುದಿಲ್ಲ, ಸಡಿಲಾದವನು ಬಿಟ್ಟಾನು.

ಹರ್ಶಿ ಇನ್ನೊಂದು ಸೊಗಸಾದ ಮಾತು ಹೇಳುತ್ತಾನೆ. ಹುಡುಗ ಕೆಟ್ಟ ಕೆಲಸಕ್ಕೆ ಕೈ ಚಾಚುವ ಗಳಿಗೆಯಲ್ಲಿ ಹೆತ್ತವರು ಎದುರಿಗೆ ಇರಬೇಕಾಗಿಲ್ಲ, ಅವನ ಮನಸ್ಸಿನಲ್ಲಿ ಹಾಜರಿದ್ದರೆ ಸಾಕು ಎಂದು. ರಿಚ್ಮಂಡಿನ ತಾಯಂದಿರಿಗೆ ಅಷ್ಟು ಸಾಕಿರಬಹುದು. ನಮ್ಮ ಕಡೆಯವರು ಮನಸ್ಸಿನಲ್ಲಿ ಹಾಜರಾಗಿ ಸುಮ್ಮನಿರುವ ಪೈಕಿ ಅಲ್ಲ, ಖುದ್ದು ಬರುತ್ತಾರೆ. ಬರುವಾಗ ಪಕ್ಕದ ಮನೆಯವರನ್ನೂ ಕರೆತರುತ್ತಾರೆ.

ಈ ನಂಟು ಎಷ್ಟು ಗಟ್ಟಿ ಎಂದು ಇಲ್ಲಿಯ ಜನ ನೀರಿನಲ್ಲಿ ಮುಳುಗಿಸಿಯೂ ನೋಡಿದ್ದಾರೆ. 1945ರಲ್ಲಿ ತುಂಗಭದ್ರಾ ಅಣೆಕಟ್ಟೆಯ ಕೆಲಸ ಶುರುವಾಗಿ 1953ರ ಹೊತ್ತಿಗೆ ಮುಗಿಯಿತು. ಹಿನ್ನೀರಿನಲ್ಲಿ ಸುಮಾರು 90 ಹಳ್ಳಿಗಳು ಹೋದವು. ನಾರಾಯಣದೇವರಕೆರೆ ಎಂಬ ತುಂಬಿದ ಊರೂ ಹೋಯಿತು. ಅಲ್ಲಿಯ ಜನ ದೇವರನ್ನು, ಪಾತ್ರೆಪಡಗವನ್ನು ಹೊತ್ತುಕೊಂಡು ಮರಿಯಮ್ಮನಹಳ್ಳಿ ಕಡೆ ಬಂದರು. ಹೊಸ ಜಾಗ, ಹೊಸ ಗೋಡೆ, ಯಾರ ಹಂಗೂ ಇಲ್ಲ. ಬೇಕಾದ ಹಾಗೆ ಇರಲಿಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತದೆಯೇ? ಒಬ್ಬರೂ ಬಳಸಿಕೊಳ್ಳಲಿಲ್ಲ. ಮನೆ ಮುಳುಗಿತು, ಹೊಲ ಮುಳುಗಿತು, ಬೀಗತನ ಮಾತ್ರ ತೇಲಿಕೊಂಡು ದಡ ಸೇರಿತು. ಹಳೆಯ ಊರಿನಲ್ಲಿ ಯಾರು ಯಾರಿಗೆ ಎಷ್ಟು ಬಾಕಿ, ಯಾರು ಯಾರ ಮೇಲೆ ಮುನಿಸು ಎಂಬುದೂ ಜೊತೆಗೇ ಬಂತು.

ಇವತ್ತಿಗೂ ರಾಮನವಮಿ ದಿನ ಇಲ್ಲಿ ಲಕ್ಷ್ಮೀನಾರಾಯಣ ಸ್ವಾಮಿಗೂ ಆಂಜನೇಯನಿಗೂ ಜೋಡಿ ತೇರು ಎಳೆಯುತ್ತಾರೆ. ಭಕ್ತಿಯ ವಿಚಾರ ದೇವರಿಗೆ ಬಿಡೋಣ, ನಾನು ಹೇಳುವುದು ಹಾಜರಿಯ ವಿಚಾರ. ಬೆಂಗಳೂರಿನಲ್ಲಿರುವವನು ತೇರಿಗೆ ಬರದಿದ್ದರೆ ಆ ವರ್ಷ ತಪ್ಪಿಸಿಕೊಂಡ ಎಂದಲ್ಲ, ಮುಂದಿನ ವರ್ಷ ವಿಚಾರಣೆ ಇರುತ್ತದೆ. "ಹೋದ ಸಲ ತೇರಿಗೆ ಕಾಣ್ಲಿಲ್ಲಲ್ಲಪಾ?" ಎನ್ನುವ ದನಿಯಲ್ಲಿ ಕ್ಷೇಮ ವಿಚಾರಿಸುವ ಧಾಟಿ ಇರುತ್ತದೆ, ಒಳಗೆ ಪೂರ್ತಿ ಎಫ್ಐಆರ್. 2024ರ ಆಗಸ್ಟ್‌ನಲ್ಲಿ, ಊರು ಮುಳುಗಿಸಿದ ಅದೇ ಅಣೆಕಟ್ಟೆಯ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಕೊಂಡು ಹೋಗಿದ್ದು ನೆನಪಿರಬೇಕಲ್ಲ? ನದಿ ದಂಡೆಯ ಊರುಗಳಿಗೆಲ್ಲ ನಿದ್ದೆ ಇಲ್ಲದ ದಿನಗಳು ಅವು. ಉಕ್ಕಿನ ಚೈನು 70 ವರ್ಷಕ್ಕೆ ಕಡಿಯಿತು. ಅದೇ ನೀರಿಗೆ ಊರು ಬಿಟ್ಟುಕೊಟ್ಟವರ ಬೀಗತನಕ್ಕೆ ಇನ್ನೂ ತುಕ್ಕು ಹಿಡಿದಿಲ್ಲ.

ಇಷ್ಟು ಹೊಗಳಿದ್ದು ಸಾಕು. ಈ "ಯಾರ ಪೈಕಿ" ಎನ್ನುವುದರಲ್ಲಿ ಒಂದು ದೊಡ್ಡ ತೂತಿದೆ. ಅದು ಸಣ್ಣ ಕಳ್ಳನಿಗೆ ಮಾತ್ರ ಕೆಲಸ ಮಾಡುತ್ತದೆ.

ಪರರ ತೋಟದಲ್ಲಿ ನಾಲ್ಕು ಪೇರಲ ಹಣ್ಣು ಕಿತ್ತವನನ್ನು ಹಿಡಿದು "ಯಾರ ಪೈಕಿಲೇ?" ಎಂದರೆ ಅವನು ನೆಲ ನೋಡುತ್ತಾನೆ. ಈ ಶತಮಾನದ ಮೊದಲ ಹತ್ತು ವರ್ಷ ನಮ್ಮ ಸಂಡೂರು, ಹೊಸಪೇಟೆ, ಬಳ್ಳಾರಿ ಕಡೆ ಪೇರಲ ಹಣ್ಣಲ್ಲ, ಗುಡ್ಡಗಳೇ ಹೋದವು. ಚೀನಾಕ್ಕೆ ಅದಿರು ಬೇಕಾಗಿತ್ತು, ಟನ್ನಿನ ಬೆಲೆ ಏರುತ್ತಾ ಹೋಯಿತು, ಲಾರಿಗಳು ಹಗಲು ರಾತ್ರಿ ಓಡಿದವು, ಮನೆಯಲ್ಲಿ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿಯಾಗುತ್ತಿತ್ತು. ಸನ್ಯಾಸ ಮಾತ್ರ ಯಾರೂ ತೆಗೆದುಕೊಳ್ಳಲಿಲ್ಲ. ಗುಡ್ಡ ಕದ್ದವನನ್ನು "ಯಾರ ಪೈಕಿ" ಎಂದು ಕೇಳುವ ಧೈರ್ಯ ಯಾರಿಗಿತ್ತು? ಕೇಳಬೇಕಾದವರೆಲ್ಲ, "ನಾವೂ ಅವರ ಪೈಕೀನ" ಎಂದು ಹೇಳಿಕೊಳ್ಳಲಿಕ್ಕೆ ಸಾಲು ನಿಂತಿದ್ದರು. ನಿನ್ನೆಯವರೆಗೆ ಸೈಕಲ್ ತುಳಿದವನು ಕಾರಿನಲ್ಲಿ ಬಂದರೆ ಕಾರು ಎಲ್ಲಿಂದ ಬಂತು ಎಂದು ಸೋದರತ್ತೆಯೂ ಕೇಳಲಿಲ್ಲ, ಮುಂದಿನ ಸೀಟಿನಲ್ಲಿ ಕೂತಳು. ಕೊನೆಗೆ ಹೆಸರು ಹಿಡಿದು ಕೇಳಲಿಕ್ಕೆ ಲೋಕಾಯುಕ್ತದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರೇ ಬರಬೇಕಾಯಿತು. 2011ರ ಜುಲೈನಲ್ಲಿ ಅವರ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ನೋಡಿ, ನಂಟು ಎಂಬುದು ಇಡೀ ಊರು ಒಟ್ಟಿಗೆ ದಾರಿ ತಪ್ಪಿದಾಗ ಯಾರನ್ನೂ ತಡೆಯುವುದಿಲ್ಲ. ಒಬ್ಬನೇ ಸರಿ ಇದ್ದರೆ, "ಅವನೊಬ್ಬ ಯಾಕೋ ಸರಿ ಇಲ್ಲಪಾ" ಎನ್ನುತ್ತದೆ.

ಅಲ್ಲಿಗೆ ಇನ್ನೊಂದು ಪ್ರಶ್ನೆ ಬಂತು. ದಾರಿ ಯಾವುದು, ತಪ್ಪುವುದು ಯಾವುದು ಎಂದು ನಿರ್ಧಾರ ಮಾಡುವವರು ಯಾರು? ಇದನ್ನು ಮರಿಯಮ್ಮನಹಳ್ಳಿಯಲ್ಲಿ ಕುಳಿತು ಕೇಳಿದರೆ ಮಂಜಮ್ಮ ಜೋಗತಿಯವರ ಮಾತು ಬರದೇ ಇರುವುದಿಲ್ಲ. ಇಲ್ಲಿ ಸ್ವಲ್ಪ ಹೊತ್ತು ಹರಟೆಯ ದನಿ ಇಳಿಸುತ್ತೇನೆ.

ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದಾಗ ಅವರ ಹೆಸರು ಮಂಜುನಾಥ. ಹರೆಯಕ್ಕೆ ಬರುತ್ತಿದ್ದಂತೆ ತಾನು ಹೆಣ್ಣು ಎಂದು ಒಳಗಿನಿಂದ ತಿಳಿಯಿತು. ಅವರು ಯಾರದೂ ಏನೂ ಕದ್ದಿರಲಿಲ್ಲ, ಯಾರನ್ನೂ ಹೊಡೆದಿರಲಿಲ್ಲ. ಆದರೂ ಮನೆಯವರಿಗೆ, ಊರಿಗೆ ಅದೇ ದೊಡ್ಡ ಅಪರಾಧವಾಗಿ ಕಂಡಿತು. ಹುಲಿಗಿಗೆ ಕರೆದುಕೊಂಡು ಹೋಗಿ ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿ ದೇವಿಗೆ ಬಿಟ್ಟರು. ಮಗ ಹೋಗಿ ಜೋಗತಿಯಾದಳು. ಆಮೇಲೆ ಮನೆಯಲ್ಲಿ ಇದ್ದೂ ಇಲ್ಲದ ಹಾಗಾಗಿ, ವಿಷ ಕುಡಿದು ಬದುಕಿ, ಮನೆ ಬಿಟ್ಟು, ಸೀರೆಯುಟ್ಟು ಭಿಕ್ಷೆ ಬೇಡಿದರು. ಬೇಡಿ ಕೂಡಿಸಿದ ಕಾಸನ್ನೂ ಅಡ್ಡಗಟ್ಟಿ ಕಸಿದವರಿದ್ದರು. ಆ ಕಸಿದವರಿಗೆಲ್ಲ ಮನೆ, ಮಾವ, ಸೋದರತ್ತೆ ಎಲ್ಲ ಇದ್ದಿರಲೇಬೇಕು.

ಹರ್ಶಿಯ ಲೆಕ್ಕದ ಪ್ರಕಾರ ಇಷ್ಟೂ ಎಳೆ ಕಡಿದುಹೋದ ಮನುಷ್ಯ ಮುಂದೆ ಏನಾಗಬೇಕಿತ್ತು? ಆದದ್ದು ಬೇರೆ. ದಾವಣಗೆರೆಯಲ್ಲಿ ಅಪ್ಪ ಹಾಡುತ್ತ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುವುದನ್ನು ಕಂಡರು. ಅದನ್ನು ಕಲಿತರು. ಅಲ್ಲಿಂದ ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿಯ ಮೇಳ ಸಿಕ್ಕಿತು. ಹೊರಗೆ ಹಾಕಿಸಿಕೊಂಡವರ ಮೇಳದಲ್ಲಿ ಕಟ್ಟಳೆ ಕಡಿಮೆ ಇರುತ್ತದೆ ಎಂದು ತಿಳಿದರೆ ಅದು ತಪ್ಪು. ಗುರು ಯಾರು, ಯಾರಿಗೆ ಯಾರು ಮಗಳು, ಯಾರ ಮುಂದೆ ಯಾರು ಮಾತಾಡಬಹುದು, ದೇವಿಯ ಜಗ ಹೊತ್ತಾಗ ಹೇಗಿರಬೇಕು, ಎಲ್ಲಕ್ಕೂ ನಿಯಮ. ಊರು ಕೇಳುವ "ಯಾರ ಪೈಕಿ" ಎಂಬುದಕ್ಕೆ ಉತ್ತರ ಇಲ್ಲದವರು ತಮ್ಮದೇ ಒಂದು ಪೈಕಿ ಕಟ್ಟಿಕೊಂಡರು. ಯಲ್ಲಮ್ಮನ ಆಟ ಆಡುತ್ತ, ಕೊಡ ಹೊತ್ತು ಕುಣಿಯುತ್ತ ಮಂಜಮ್ಮ ಮರಿಯಮ್ಮನಹಳ್ಳಿಯವರೇ ಆದರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷತೆ. 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸಲು ಹೋದಾಗ ರಾಷ್ಟ್ರಪತಿ ರಾಮನಾಥ ಕೋವಿಂದರ ಮುಂದೆ ನಿಂತು ಸೆರಗಿನಿಂದ ದೃಷ್ಟಿ ತೆಗೆದರಲ್ಲ, ಅದನ್ನು ದೇಶವೆಲ್ಲ ಟೀವಿಯಲ್ಲಿ ನೋಡಿತು. ರಾಷ್ಟ್ರಪತಿ ಭವನದ ಶಿಷ್ಟಾಚಾರದಲ್ಲಿ ದೃಷ್ಟಿ ತೆಗೆಯುವುದು ಇರಲಿಕ್ಕಿಲ್ಲ. ಆದರೆ ನಮ್ಮ ಕಡೆ ಒಳ್ಳೆಯ ದಿನ ಎದುರಿಗಿರುವ ಹಿರಿಯರಿಗೆ ದೃಷ್ಟಿ ಆಗಬಾರದು ಎಂಬುದು ಕಟ್ಟಳೆ. ನಾಡಿನ ಕಟ್ಟಳೆಯನ್ನು ದಿಲ್ಲಿಯ ತನಕ ತಪ್ಪದೆ ನಡೆಸಿದವರು ಯಾರು ಎಂದು ನೋಡಿಕೊಳ್ಳಿ.

ಇನ್ನು ದನಿ ಮತ್ತೆ ಏರಿಸಬಹುದು, ಯಾಕೆಂದರೆ ಪ್ರಶಸ್ತಿ ಬಂದ ಮೇಲೆ ನಡೆದದ್ದು ಹರಟೆಗೇ ಸೇರಿದ್ದು. ಒಂದು ಕಾಲಕ್ಕೆ ಯಾರ ಪೈಕಿಯೂ ಅಲ್ಲದವರು ಈಗ ಎಲ್ಲರ ಪೈಕಿ. ಹುಟ್ಟಿದ ಊರು ನಮ್ಮ ಮಂಜಮ್ಮ ಎಂದಿತು, ಬೆಳೆದ ಊರು ನಮ್ಮ ಮಂಜಮ್ಮ ಎಂದಿತು. ಅದೇ 2021ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ವಿಜಯನಗರ ಜಿಲ್ಲೆ ಬೇರೆಯಾಯಿತು ನೋಡಿ. ಹುಟ್ಟೂರು ಆ ಕಡೆ ಉಳಿಯಿತು, ಮನೆ ಈ ಕಡೆ ಬಂತು. ಎರಡೂ ಜಿಲ್ಲೆಗೆ ಫ್ಲೆಕ್ಸ್ ಹಾಕಲು ಅನುಕೂಲವಾಯಿತು. ಅವರ ಆತ್ಮಕಥನ 'ನಡುವೆ ಸುಳಿವ ಹೆಣ್ಣು' ಅರುಣ್ ಜೋಳದಕೂಡ್ಲಿಗಿಯವರ ನಿರೂಪಣೆಯಲ್ಲಿ ಬಂದಿದೆ. ಫ್ಲೆಕ್ಸ್ ಹಾಕಿಸುವವರು ಓದಬಹುದು, ಅದಕ್ಕೆ ಪರವಾನಗಿ ಬೇಕಿಲ್ಲ.

ಹರ್ಶಿಯ ಮೇಲೆ ನನಗೆ ಇನ್ನೊಂದು ಆಕ್ಷೇಪಣೆ ಇದೆ. ಅಷ್ಟೆಲ್ಲ ಮಕ್ಕಳನ್ನು ಕೇಳಿದವನು, ಬರೆಯಲು ಕೂತಾಗ ಹುಡುಗಿಯರ ಉತ್ತರಗಳನ್ನು ಬದಿಗಿಟ್ಟು ಬರೀ ಹುಡುಗರ ಲೆಕ್ಕ ಹಾಕಿದ. ಮರಿಯಮ್ಮನಹಳ್ಳಿಗೆ ಬಂದಿದ್ದರೆ ಅವನಿಗೆ ಆ ಸೌಲಭ್ಯ ಇರುತ್ತಿರಲಿಲ್ಲ. ಇದು ಹೆಣ್ಣುಮಕ್ಕಳು ರಂಗಭೂಮಿಯನ್ನು ಎತ್ತಿ ನಿಲ್ಲಿಸಿದ ಊರು. ಕೆ. ನಾಗರತ್ನಮ್ಮನವರಂಥ ಹಿರಿಯ ಕಲಾವಿದೆಯರ ಊರು. ಯಾವ ಹಳ್ಳಿಯ ಜಾತ್ರೆಗೆ ನಾಟಕ ಇದ್ದರೂ ದ್ರೌಪದಿ, ಗಾಂಧಾರಿ, ನಾಯಕಿ, ಖಳನಾಯಕಿ ಬೇಕೆಂದರೆ ಮರಿಯಮ್ಮನಹಳ್ಳಿಗೆ ಫೋನು. ಈ ಹೆಣ್ಣುಮಕ್ಕಳು ಸಂಜೆ ಟ್ರಂಕು ಹಿಡಿದು ಬಸ್ಸು ಹತ್ತಿ, ರಾತ್ರಿಯೆಲ್ಲ ಬಣ್ಣದಲ್ಲಿ ನಿಂತು, ಬೆಳಿಗ್ಗೆ ಬಂದು ಮಕ್ಕಳನ್ನು ಸ್ಕೂಲಿಗೆ ಕಳಿಸಿದವರು. ರಾತ್ರಿ ಸ್ಟೇಜಿನ ಮೇಲೆ ಪತಿವ್ರತೆಯ ಮಾತಿಗೆ ಶಿಳ್ಳೆ ಹೊಡೆದವರೇ ಬೆಳಗಿನ ಬಸ್ಸಿನಲ್ಲಿ, "ರಾತ್ರಿಯೆಲ್ಲ ಹೊರಗಿರೋ ಹೆಂಗಸು" ಎಂದು ಓರೆಗಣ್ಣಿನಲ್ಲಿ ನೋಡುತ್ತಾರೆ. ರಾತ್ರಿಯೆಲ್ಲ ಹೊರಗೆ ಕೂತು ನೋಡಿದ ತಮ್ಮ ಲೆಕ್ಕ ಅವರಿಗೆ ಬರುವುದಿಲ್ಲ.

ಆದರೆ ಊರಿನ ಗಂಡಸರನ್ನು ದಾರಿಯಲ್ಲಿಡುವ ಕೆಲಸದಲ್ಲಿ ಈ ನಾಟಕದಷ್ಟು ಪಾಲು ಯಾವ ಕಾನೂನಿಗೂ ಇಲ್ಲ ಎಂದು ನಾನು ಪಂದ್ಯ ಕಟ್ಟುತ್ತೇನೆ. ಹಳ್ಳಿಯಲ್ಲಿ ನಾಟಕ ಆಡಬೇಕೆಂದರೆ ಪಾತ್ರ ಪುಕ್ಕಟೆ ಸಿಗುವುದಿಲ್ಲ, ರೊಕ್ಕ ಕೊಟ್ಟು ಹಿಡಿಯಬೇಕು. ಪಾತ್ರ ದೊಡ್ಡದಾದಷ್ಟು ಪಟ್ಟಿ ದೊಡ್ಡದು. ಪೇಟಿ ಮಾಸ್ತರು ಬಂದು ತಿಂಗಳುಗಟ್ಟಲೆ ತಾಲೀಮು. ಮೆಣಸಿನಕಾಯಿ ಮಾರಿದ ದುಡ್ಡು ಕೊಟ್ಟು ದುರ್ಯೋಧನನಾದವನು ತಾಲೀಮು ತಪ್ಪಿಸುತ್ತಾನೆಯೇ? ಹರ್ಶಿ ಹೇಳುವ ಕೈತುಂಬ ಕೆಲಸ, ಕಳೆದೀತೆಂಬ ಲೆಕ್ಕ, ಎರಡೂ ಒಂದೇ ಪಟ್ಟಿಯಲ್ಲಿ ವಸೂಲಾದವು. ದಿನಾ ರಾತ್ರಿ ಇಸ್ಪೀಟಿಗೆ ಹೋಗುತ್ತಿದ್ದ ಮಂದಿ ಈಗ ಹನ್ನೆರಡು ಗಂಟೆಯತನಕ ಕಂದಪದ್ಯಕ್ಕೆ ಉಸಿರು ಕಟ್ಟುತ್ತಿರುತ್ತಾರೆ. ಹೆಂಡಂದಿರಿಗೆ ನೆಮ್ಮದಿ. ಗಂಡ ಎಲ್ಲಿದ್ದಾನೆ ಎಂದು ಹುಡುಕಬೇಕಾಗಿಲ್ಲ, ನಾಲ್ಕು ಓಣಿ ದಾಟಿ ಕೇಳಿಸುತ್ತಾನೆ.

ಇದರಲ್ಲಿ ನನಗೆ ತುಂಬ ಇಷ್ಟವಾದ ವಿಷಯ ಪಾತ್ರಗಳ ಗಿರಾಕಿ. ದುರ್ಯೋಧನನಿಗೆ ಜಗ್ಗಾಟ, ಶಕುನಿಗೆ ಜಗ್ಗಾಟ, ದುಃಶಾಸನನಿಗೂ ಕೊಸರಾಟ. ಧರ್ಮರಾಯನನ್ನು ಮಾತ್ರ ಯಾರಾದರೂ ತಗೊಳ್ಳಿರಪ್ಪಾ ಎಂದು ಮಾಸ್ತರು ಮನೆ ಮನೆ ತಿರುಗಬೇಕು. ವರ್ಷವೆಲ್ಲ ಧರ್ಮರಾಯನಾಗಿದ್ದು ಸಾಕಾಗಿರುತ್ತದೆ ನಮ್ಮ ಜನಕ್ಕೆ. ಸೋದರತ್ತೆಯ ಕಣ್ಗಾವಲಿನಲ್ಲಿ ಒಂದು ಸಿಗರೇಟನ್ನೂ ನೆಮ್ಮದಿಯಾಗಿ ಸೇದದವನು ಕೈಯಿಂದ ದುಡ್ಡು ಕೊಟ್ಟು, ಮೀಸೆ ಅಂಟಿಸಿಕೊಂಡು, ಒಂದೇ ರಾತ್ರಿ ಕೆಟ್ಟವನಾಗುತ್ತಾನೆ. ಅದೂ ಅದೇ ಸೋದರತ್ತೆಯ ಎದುರಿಗೇ, ಅವಳ ಕೈಯಿಂದಲೇ ಐನೂರರ ಆಯೇರಿ ಹಾಕಿಸಿಕೊಂಡು!

ಹಾಗೆಂದು ಅಲ್ಲೂ ಪೂರ್ತಿ ಕೆಡಲು ಆಗುವುದಿಲ್ಲ ಅನ್ನಿ. ವಸ್ತ್ರಾಪಹರಣದ ದೃಶ್ಯ ಎಲ್ಲಾದರೂ ಹಳ್ಳಿಯಲ್ಲಿ ಇದ್ದರೆ ಹೋಗಿ ನೋಡಿ. ದುಃಶಾಸನ ಅಬ್ಬರಿಸುತ್ತ ಬರುತ್ತಾನೆ, ಸ್ಟೇಜು ನಡುಗುತ್ತದೆ. ಬಣ್ಣದ ಮನೆಯಲ್ಲಿ ದ್ರೌಪದಿ ಪಾತ್ರದವರ ಕಾಲಿಗೆ ಬಿದ್ದು, "ಅಕ್ಕಾರ, ತಪ್ಪು ತಿಳಕೋಬ್ಯಾಡ್ರಿ" ಎಂದು ಹೇಳಿಯೇ ಬಂದಿದ್ದಾನೆ. ಮುಂದಿನ ಸಾಲಿನಲ್ಲಿ ಚಾಪೆ ಹಾಸಿಕೊಂಡು ಹೆಂಡತಿ, ಅವಳ ಪಕ್ಕ ಅತ್ತೆ, ಅತ್ತೆಯ ಪಕ್ಕ ಹೈಸ್ಕೂಲು ಹೆಡ್ ಮೇಷ್ಟರು. ಸೆರಗಿಗೆ ಕೈ ಹಾಕಬೇಕಾದ ಹೊತ್ತಿಗೆ ದುಃಶಾಸನನ ಕಣ್ಣು ಅತ್ತೆಯ ಮೇಲೆ ಬೀಳುತ್ತದೆ. ಎರಡೇ ಬೆರಳಿನಲ್ಲಿ, ಬಿಸಿ ಹಂಚು ಮುಟ್ಟುವ ಹಾಗೆ, ಸೆರಗಿನ ತುದಿ ಹಿಡಿದು ನಿಲ್ಲುತ್ತಾನೆ. ಪೇಟಿ ಮಾಸ್ತರು ಕಪ್ಪು ಮೂರರಲ್ಲಿ ಸ್ವರ ಹಿಡಿದು ಕಾಯುತ್ತಾರೆ, ಕಾಯುತ್ತಾರೆ, ಕೊನೆಗೆ ಹಲ್ಲು ಕಚ್ಚಿ, "ಎಳಿಯಪಾ, ರೊಕ್ಕಾ ಕೊಟ್ಟೀ" ಎನ್ನುತ್ತಾರೆ. ಅವನು ಎಳೆಯುವುದಿಲ್ಲ. ಆಗ ಕೈಯೆತ್ತಿ ಕೃಷ್ಣಾ ಎಂದು ಕರೆಯಬೇಕಾದ ದ್ರೌಪದಿಯೇ ತಲೆ ಬಗ್ಗಿಸಿ, ಮೈಕಿಗೆ ಸಿಗದ ಹಾಗೆ ಗದರುತ್ತಾರೆ:

"ಜಲ್ದಿ ಎಳಿಯೋ ತಮ್ಮಾ, ಐದೂವರೆ ಬಸ್ಸಿಗೆ ನಾನು ಇನ್ನೊಂದು ಊರಿಗೆ ಹೋಗಬೇಕು."